ಕೀ ಆನ್ಸರ್‌ನಲ್ಲಿ ಅಜ್ಜಿ ಇಲ್ಲ

ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಹೀಗೇ ಅಲ್ಲವೇ ಆ ಗಾದೆ? ಅಥವಾ ಬುದ್ಧಿ ಒಕ್ಕಾಲು, ಓದು ಮುಕ್ಕಾಲೋ? ಈ ವೇದಿಕೆಯ ಮೇಲೆ ಕೂತು ಒಂದು ಗಂಟೆಯಿಂದ ನಾನು ಇದನ್ನೇ ಯೋಚಿಸುತ್ತಿದ್ದೇನೆ. ಯಾಕೆಂದರೆ ನನ್ನ ಬೆನ್ನ ಹಿಂದಿನ ಫ್ಲೆಕ್ಸ್‌ನಲ್ಲಿ ಮಾರುದ್ದದ ಅಕ್ಷರಗಳಲ್ಲಿ ಎರಡನೆಯದೇ ಅಚ್ಚಾಗಿದೆ. ತಿರುಗಿ ನೋಡಬೇಡಿ ಅಧ್ಯಕ್ಷರೇ, ಹಾರ ಜಾರುತ್ತದೆ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಗಾದೆ ತಲೆಕೆಳಗಾಗಿದೆ ಎಂದು ಆಗಲೇ ಎದ್ದು ಹೇಳಬೇಕಿತ್ತು. ಆದರೆ ಮುಂದಿನ ಸಾಲಿನಲ್ಲಿ ಕೂತ ಮಕ್ಕಳ ಮುಖ ನೋಡಿದೆ. ಅವರ ಪಕ್ಕದಲ್ಲಿ ಕೂತ ತಾಯಂದಿರ ಮುಖ ನೋಡಿದೆ. ನಮ್ಮ ಬಡಾವಣೆಯನ್ನು ನಮಗಿಂತ ಚೆನ್ನಾಗಿ ಅರಿತವನು ಫ್ಲೆಕ್ಸ್ ಅಂಗಡಿಯವನೇ ಅನ್ನಿಸಿ ಸುಮ್ಮನಾದೆ.

ಸನ್ಮಾನ್ಯ ಅಧ್ಯಕ್ಷರಾದ ರೇವಣಸಿದ್ದಪ್ಪನವರೇ, ಮುಖ್ಯ ಅತಿಥಿಗಳಾದ ಕೋಚಿಂಗ್ ಸೆಂಟರಿನ ಕೈಲಾಸ್ ಅವರೇ, ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ಸೋಮನಾಥ್ ಅವರೇ, ಫಲಕ ಪಡೆಯಲಿರುವ ಇಪ್ಪತ್ತೆರಡು ಮಂದಿ ಪ್ರತಿಭಾವಂತರೇ, ಫಲಕ ಪಡೆಯದ ಉಳಿದ ಪ್ರತಿಭಾವಂತರೇ, ಪಕ್ಕದ ಹಾಲಿನಿಂದ ಬಿಸಿಬೇಳೆ ಬಾತಿನ ವಾಸನೆ ಬಂದರೂ ಜಾಗ ಬಿಡದ ಸಹನಶೀಲ ಸಭಿಕರೇ,

ನನಗೆ ಕೊಟ್ಟಿರುವುದು ಹತ್ತು ನಿಮಿಷ. ಕನ್ನಡ ಮೇಷ್ಟ್ರುಗಳಿಗೆ ಹತ್ತು ನಿಮಿಷ ಕೊಡುವುದು ಎಂದರೇನು ಎಂಬುದು ಸೋಮನಾಥ್ ಅವರಿಗೆ ಗೊತ್ತಿದೆ. ಅದಕ್ಕೇ ಅವರು ಗಡಿಯಾರವನ್ನು ನನ್ನೆದುರು ಇಟ್ಟಿದ್ದಾರೆ. ನಾನು ಅದನ್ನು ಬೋರಲು ಹಾಕಿದ್ದೇನೆ.

ನನಗಿಂತ ಮೊದಲು ಮಾತನಾಡಿದ ಕೈಲಾಸ್ ಅವರು ಬಹಳ ಉಪಯುಕ್ತವಾದ ಮಾತುಗಳನ್ನು ಹೇಳಿದರು. "ಒಂದೇ ಒಂದು ಮಾರ್ಕ್ಸ್ ಕಳ್ಕೊಂಡ್ರೆ ಹತ್ತು ಸಾವಿರ ಜನ ನಿಮ್ಮನ್ನ ಓವರ್‌ಟೇಕ್ ಮಾಡ್ತಾರೆ" ಎಂದರು. ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಬಂದವರಿಗೆ ಈ ಮಾತು ಅರ್ಥವಾಗುತ್ತದೆ. ಅಲ್ಲಿ ಓವರ್‌ಟೇಕ್ ಮಾಡಿದವರೂ ಮಾಡಿಸಿಕೊಂಡವರೂ ಮುಂದಿನ ಸಿಗ್ನಲ್ಲಿನಲ್ಲಿ ಜೊತೆಗೇ ನಿಂತಿರುತ್ತಾರೆ. ಆರನೇ ಕ್ಲಾಸಿನಿಂದಲೇ ಫೌಂಡೇಷನ್ ಕೋರ್ಸ್ ಶುರು ಮಾಡಬೇಕು ಎಂದೂ ಹೇಳಿದರು. ನಮ್ಮ ಅಧ್ಯಕ್ಷರದು ಹಾರ್ಡ್‌ವೇರ್ ಅಂಗಡಿ. ಪಾಯ ತೆಗೆಯುವ ವಿಷಯ ಅವರನ್ನು ಕೇಳಿ. ಆರನೇ ಕ್ಲಾಸಿನಿಂದ ಹನ್ನೆರಡನೇ ಕ್ಲಾಸಿನವರೆಗೆ ತೆಗೆಯುತ್ತಲೇ ಹೋದರೆ ಅದನ್ನು ಬಾವಿ ಅನ್ನುತ್ತಾರೆ. ಅಂದ ಹಾಗೆ, ಅಧ್ಯಕ್ಷರು ಎಸ್ಸೆಸ್ಸೆಲ್ಸಿಯನ್ನು ಎಷ್ಟು ಸಲ ಬರೆದರು ಎಂಬುದನ್ನು ಮೈಕಿನಲ್ಲಿ ಹೇಳಬೇಡಿ ಎಂದು ನನ್ನನ್ನು ಕೋರಿದ್ದಾರೆ. ಹೇಳುವುದಿಲ್ಲ. ಮೂರರ ನಂತರ ನನಗೂ ಲೆಕ್ಕ ತಪ್ಪಿದೆ.

ನಗುತ್ತಿದ್ದಾರೆ. ದೊಡ್ಡ ಮನಸ್ಸು ಅವರದು.

ಆದರೆ ಒಂದು ಅಂಕದ ಬಗ್ಗೆ ಕೈಲಾಸ್ ಅವರು ಹೇಳಿದ್ದು ತಮಾಷೆಯಲ್ಲ. ನಮ್ಮ ಬಡಾವಣೆಯಲ್ಲಿ ಒಂದು ಅಂಕ ಎಂದರೆ ಏನು? ಆರುನೂರ ಇಪ್ಪತ್ತೈದಕ್ಕೆ ಆರುನೂರ ಇಪ್ಪತ್ನಾಲ್ಕು ಬಂದ ಹುಡುಗಿಯೊಬ್ಬಳ ಮನೆಗೆ ಈ ಮೇ ತಿಂಗಳಲ್ಲಿ ನಾನು ಸಿಹಿ ತೆಗೆದುಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟ ಮೇಲೆ, ಸಿಹಿ ತಂದದ್ದು ತಪ್ಪಾಯಿತು ಎಂದು ಗೊತ್ತಾಯಿತು. ಟಿ.ವಿ. ಆರಿಸಿದ್ದರು. ಅಪ್ಪ ಮೂಲೆಯಲ್ಲಿ ಕೂತಿದ್ದರು. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು "ಒಂದು ಹೋಯ್ತಲ್ಲ ಮೇಡಂ" ಎಂದರು. ನಾನು ಅವರ ಕೈ ಹಿಡಿದು "ಧೈರ್ಯ ತಂದ್ಕೊಳ್ಳಿ" ಎಂದೆ. ಸತ್ಯವಾಗಿಯೂ ಹಾಗೆ ಅಂದೆ.

ನಮ್ಮ ಸಂಘದ ನಿಯಮವೂ ನಿಮಗೆಲ್ಲ ಗೊತ್ತಿದೆ. ಪ್ರತಿಭಾ ಪುರಸ್ಕಾರಕ್ಕೆ ಶೇಕಡಾ ತೊಂಬತ್ತು. ತೊಂಬತ್ತು ಬಂದರೆ ಪ್ರತಿಭೆ. ಎಂಬತ್ತೊಂಬತ್ತು ಬಂದರೆ ಪ್ರಾರ್ಥನೆ. ಈ ಸಭೆಯ ಆರಂಭದಲ್ಲಿ ಪ್ರಾರ್ಥನೆ ಹಾಡಿದ ಹುಡುಗಿಯನ್ನು ನೀವು ಕೇಳಿದಿರಿ. ಎಷ್ಟು ಚೆನ್ನಾಗಿ ಹಾಡಿದಳು! ಹಾಡಿ, ಇಳಿದು, ಹಿಂದಿನ ಸಾಲಿಗೆ ಹೋಗಿ ಅಜ್ಜಿಯ ಪಕ್ಕ ಕೂತಳು. ಅವಳ ಹೆಸರು ಜಯಾ. ಅವಳಿಗೆ ಬಂದದ್ದು ಐನೂರ ಅರವತ್ತೆರಡು. ಭಾಗಿಸಿ ನೋಡಿ: ಎಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಎರಡು. ಐನೂರ ಅರವತ್ಮೂರು ಬಂದಿದ್ದರೆ ಮುಂದಿನ ಸಾಲು. ಈ ಹಾಲಿನಲ್ಲಿ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ನಡುವೆ ಹದಿನಾಲ್ಕು ಸಾಲು ಕುರ್ಚಿಗಳಿವೆ, ಎಣಿಸಿದ್ದೇನೆ. ಇಡೀ ಹದಿನಾಲ್ಕು ಸಾಲು ಒಂದು ಅಂಕದ ಮೇಲೆ ನಿಂತಿದೆ.

ಇವತ್ತು ನಾನು ಮಾತನಾಡಬೇಕಾದದ್ದು ಆ ಒಂದು ಅಂಕದ ಬಗ್ಗೆ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ "ಪರೀಕ್ಷಾ ಭಯ ನಿವಾರಣೆ" ಎಂದಿದೆ. ಹೆಚ್ಚುಕಡಿಮೆ ಅದೇ. ಯಾರ ಭಯ ಎಂಬುದಷ್ಟೇ ಸ್ವಲ್ಪ ಬೇರೆ.

ಮೊದಲು ನನ್ನ ಮನೆಯಿಂದಲೇ ಶುರು ಮಾಡುತ್ತೇನೆ. ಇಪ್ಪತ್ತೆರಡು ಮಂದಿಯಲ್ಲಿ ನನ್ನ ಮಗಳು ಸುರಭಿಯೂ ಇದ್ದಾಳೆ. ಆರುನೂರ ಹತ್ತೊಂಬತ್ತು. ಪ್ರಥಮ ಭಾಷೆಯಲ್ಲಿ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು. ಚಪ್ಪಾಳೆ ಬೇಡ, ಕೇಳಿ. ಪ್ರಥಮ ಭಾಷೆ ಸಂಸ್ಕೃತ. ಕನ್ನಡ ಮೇಡಂ ಮಗಳು ಸಂಸ್ಕೃತ ಯಾಕೆ ತೆಗೆದುಕೊಂಡಳು ಎಂದು ನನ್ನ ಸಹೋದ್ಯೋಗಿಗಳು ಕೇಳಿದಾಗಲೆಲ್ಲ ನಾನು "ಅವಳಿಗೆ ಬೇರುಗಳ ಬಗ್ಗೆ ಆಸಕ್ತಿ" ಎನ್ನುತ್ತಿದ್ದೆ. ಸುಳ್ಳು. ಎಂಟನೇ ಕ್ಲಾಸಿನ ಫಾರಂ ತಂದು ಅವಳು ಊಟದ ಮೇಜಿನ ಮೇಲಿಟ್ಟಾಗ ನಡೆದ ಮಾತು ಇದು:

"ಅಮ್ಮ, ಸಂಸ್ಕೃತ ಅಂತ ಟಿಕ್ ಮಾಡು."

"ಯಾಕೆ? ಕನ್ನಡ ಚೆನ್ನಾಗೇ ಬರುತ್ತಲ್ಲ ನಿಂಗೆ."

"ಬರುತ್ತೆ. ಆದ್ರೆ ಕನ್ನಡ ಪೇಪರ್ ವ್ಯಾಲ್ಯುಯೇಷನ್ ಯಾರು ಮಾಡೋದು ಹೇಳು? ನಿನ್ ಥರದವ್ರು. ಮಾರ್ಕ್ಸ್ ಬರಲ್ಲ."

ನಾನು ಸಹಿ ಹಾಕಿದೆ. ಸಭಿಕರೇ, ಹದಿಮೂರು ವರ್ಷದ ಮಗು ನನ್ನ ಇಡೀ ವೃತ್ತಿಜೀವನದ ಮೌಲ್ಯಮಾಪನವನ್ನು ಒಂದೇ ವಾಕ್ಯದಲ್ಲಿ ಮುಗಿಸಿತು, ಮತ್ತು ನಾನು ಸಹಿ ಹಾಕಿದೆ. ಈಗ ಅವಳು ನೂರಿಪ್ಪತ್ತೈದು ಪಡೆದಿದ್ದಾಳೆ. ಸಂಸ್ಕೃತದಲ್ಲಿ ಒಂದು ಲೋಟ ನೀರು ಕೇಳಲಾರಳು. ಅಗೋ, ಮುಂದಿನ ಸಾಲಿನಲ್ಲಿ ಹಣೆಯ ಮೇಲೆ ಕೈಯಿಟ್ಟುಕೊಂಡಿದ್ದಾಳಲ್ಲ, ಅವಳೇ.

ಇನ್ನು ನನ್ನ ಥರದವರ ಬಗ್ಗೆ. ಏಪ್ರಿಲ್ ಬಂದರೆ ನಮ್ಮನ್ನು ಒಂದು ದೊಡ್ಡ ಶಾಲೆಗೆ ಕರೆಸಿ, ಸಾಲಾಗಿ ಕೂರಿಸಿ, ಕೆಂಪು ಪೆನ್ನು ಕೊಡುತ್ತಾರೆ. ಎಲ್ಲಿಂದಲೋ ಬಂದ ಉತ್ತರ ಪತ್ರಿಕೆಗಳ ಕಟ್ಟುಗಳು. ಯಾವ ಊರು, ಯಾವ ಮಗು, ನಮಗೆ ಗೊತ್ತಿರುವುದಿಲ್ಲ. ಜೊತೆಗೊಂದು ಕೀ ಆನ್ಸರ್, ಅಂದರೆ ಮಾದರಿ ಉತ್ತರ. ಕನ್ನಡ ಪತ್ರಿಕೆಯಲ್ಲಿ ಗಾದೆ ವಿಸ್ತರಣೆ ಎಂಬ ಪ್ರಶ್ನೆಯಿರುತ್ತದೆ, ಮೂರು ಅಂಕ. ಅದಕ್ಕೆ ಉತ್ತರ ಹೇಗೆ ಶುರುವಾಗಬೇಕು? ಎಲ್ಲ ಒಟ್ಟಿಗೆ ಹೇಳಿ ನೋಡೋಣ. "ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು." ನೋಡಿ, ಐವತ್ತು ದಾಟಿದ ಅಂಕಲ್‌ಗಳೂ ಹೇಳುತ್ತಿದ್ದಾರೆ! ಯಾವ ಗಾದೆ ಎಂದು ನಾನಿನ್ನೂ ಹೇಳಿಯೇ ಇಲ್ಲ. ಹೇಳುವ ಅಗತ್ಯವೂ ಇಲ್ಲ. ಈ ಎರಡು ಸಾಲು ಬರೆದರೆ ಒಂದು ಅಂಕ ಬಿದ್ದೇ ಬಿತ್ತು. ವೇದ ನೋಡದ ಮಗು, ವೇದ ನೋಡದ ಮೇಡಂಗೆ, ವೇದದ ಮೇಲೆ ಆಣೆ ಇಟ್ಟು ಒಂದು ಅಂಕ ಪಡೆಯುತ್ತದೆ. ನಾವೆಲ್ಲ ಹಾಗೇ ಪಾಸಾದವರು.

ಈ ವರ್ಷ ಬಂದ ಗಾದೆ ನನ್ನ ಬೆನ್ನ ಹಿಂದೆ ಇರುವುದೇ, ಆದರೆ ನೆಟ್ಟಗೆ. ಆರನೆಯ ದಿನವೋ ಏಳನೆಯ ದಿನವೋ, ಮಧ್ಯಾಹ್ನದ ಚಹಾಕ್ಕೆ ಸ್ವಲ್ಪ ಮೊದಲು, ನನ್ನ ಕೈಗೊಂದು ಪತ್ರಿಕೆ ಬಂತು. ಅಕ್ಷರ ದುಂಡಗಿತ್ತು. ಗಾದೆಯ ಪುಟದಲ್ಲಿ ವೇದ ಇರಲಿಲ್ಲ. ಇದ್ದದ್ದು ಇಷ್ಟು. ನನಗೀಗ ಇದು ಬಾಯಿಪಾಠ:

"ಈ ಗಾದೆಯನ್ನು ನಾನು ನಮ್ಮ ಆಯಿಗೆ ಹೇಳಿದೆ. ಆಯಿ ಶಾಲೆಗೆ ಹೋದವಳಲ್ಲ. ಅವಳು ಕೇಳಿ, ಹಂಗಾರ ನನಗ ಮುಕ್ಕಾಲು ಬಂತಲ್ಲ, ನೂರಕ್ಕ ಎಪ್ಪತ್ತೈದು, ಫಸ್ಟ್ ಕ್ಲಾಸ್ ಪಾಸು, ನನ್ನ ಸರ್ಟಿಫಿಕೇಟ್ ಎಲ್ಲೈತಿ ಕೇಳು ನಿಮ್ಮ ಮಾಸ್ತರನ್ನ ಎಂದಳು. ನಾನು ಕೇಳಿದೆ. ಮಾಸ್ತರರು ನಕ್ಕರು, ಉತ್ತರ ಹೇಳಲಿಲ್ಲ. ಓದಿದವರಿಗೆ ಒಕ್ಕಾಲಿಗೇ ಸರ್ಟಿಫಿಕೇಟ್ ಕೊಡುತ್ತಾರೆ. ಬುದ್ಧಿಯ ಮುಕ್ಕಾಲನ್ನು ಯಾರು ತಿದ್ದುತ್ತಾರೆ? ಗೊತ್ತಿದ್ದವರು ದಯವಿಟ್ಟು ತಿಳಿಸಬೇಕು."

ಆಯಿ ಎಂದರೆ ಅವರ ಕಡೆ ಅಜ್ಜಿ. ಓದಿ ನನಗೆ ನಗು ಬಂತು. ಎಷ್ಟು ಬಂತೆಂದರೆ, ಚಹಾ ಕುಡಿಯುವಾಗ ಪಕ್ಕದ ಮೇಜಿನ ಲತಾಮಣಿ ಮೇಡಂಗೆ ಪೂರ್ತಿ ಓದಿ ಹೇಳಿದೆ. ಅವರೂ ನಕ್ಕರು. ಬಿಸ್ಕತ್ತು ಚಹಾದಲ್ಲಿ ಮುರಿದು ಬಿತ್ತು.

"ಎಷ್ಟು ಕೊಡ್ತೀರಾ ಇದಕ್ಕೆ?" ಎಂದು ಕೇಳಿದರು.

"ಮೂರಕ್ಕೆ ಮೂರು ಕೊಡೋಣ ಅನ್ಸುತ್ತೆ."

"ಕೊಡಿ ಕೊಡಿ. ನಾಳೆ ಮೇಲಿನವರು ಕೇಳಿದ್ರೆ ಏನಂತೀರಾ? ಕೀ ಆನ್ಸರ್‌ನಲ್ಲಿ ಅಜ್ಜಿ ಇಲ್ಲ ಮೇಡಂ."

ನಾನು ಕವಿತೆ ಓದುವವಳು. ಬಸ್ಸಿನಲ್ಲಿ, ಅಡುಗೆ ಕಟ್ಟೆಯ ಮೇಲೆ, ಪೇರೆಂಟ್ಸ್ ಮೀಟಿಂಗಿನಲ್ಲಿ ಮೇಜಿನ ಕೆಳಗೆ. ನಾನು ಕವಿತೆಯಲ್ಲಿ ಹುಡುಕುವುದು ಇಂಥದನ್ನೇ: ಎಲ್ಲರೂ ಹೇಳಿ ಹೇಳಿ ಸವೆದ ಮಾತಿನೊಳಗಿಂದ ಒಬ್ಬ ಜೀವಂತ ಮುದುಕಿ ಎದ್ದು ಬಂದು ಜಗಳಕ್ಕೆ ನಿಲ್ಲುವುದನ್ನು. ಸಿಕ್ಕಿತು. ಸಿಕ್ಕಾಗ ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತು. ಚಹಾ ಮುಗಿಸಿ ಬಂದೆ. ಮೂರಕ್ಕೆ ಒಂದು ಹಾಕಿದೆ. ಪತ್ರಿಕೆಯ ಮೇಲೆ ಏನೂ ಬರೆಯಬಾರದು ಎಂಬ ಸೂಚನೆ ಇದ್ದರೂ, ಅಂಚಿನಲ್ಲಿ "ಅಪ್ರಸ್ತುತ" ಎಂದು ಬರೆದೆ. ಮುಂದಿನ ಪತ್ರಿಕೆ ಎತ್ತಿಕೊಂಡೆ. ಅದರಲ್ಲಿ ವೇದ ಇತ್ತು. ನೆಮ್ಮದಿಯಾಯಿತು.

ಕೆಲವರಿಗೆ ಆಗಲೇ ಅಂದಾಜಾಗಿದೆ.

ನಾವಿರುವುದು ಸಾರಕ್ಕಿ ಕೆರೆಯ ಈಚೆ, ಮೊದಲನೇ ಮಹಡಿಯಲ್ಲಿ. ಮನೆ ಮಾಲೀಕರು ಉತ್ತರಹಳ್ಳಿಯಲ್ಲಿದ್ದಾರೆ. ಹಾಗಾಗಿ ನೀರಿನ ಮೋಟಾರು ಕೆಟ್ಟರೆ ರಿಪೇರಿಯವರಿಗೆ ಫೋನು ಮಾಡುವುದು, ಮೆಟ್ಟಿಲಿನ ಬಳಿ ಚೀಟಿ ಬರೆದು ಅಂಟಿಸುವುದು ಎಲ್ಲ ನನ್ನದೇ ಕೆಲಸ. ಕೆಳಗಿನ ಮನೆಯಲ್ಲಿ ಸಂಗಮೇಶ ಅವರ ಸಂಸಾರ. ನವಲಗುಂದದ ಕಡೆಯವರು. ಅವರು ಬಿ.ಟಿ.ಎಂ.ನ ಆಫೀಸುಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾರೆ. ಮಗಳು ಊರಿನಲ್ಲಿ ಅಜ್ಜಿಯ ಜೊತೆ ಇದ್ದು ಹತ್ತನೇ ಕ್ಲಾಸು ಮುಗಿಸಿದಳು. ಏಪ್ರಿಲ್ ಕೊನೆಯಲ್ಲಿ ಇಬ್ಬರೂ ಇಲ್ಲಿಗೆ ಬಂದರು. ಮಗಳು ಜಯಾ, ಅಜ್ಜಿ ದುಂಡವ್ವ.

ಮೇ ತಿಂಗಳ ಒಂದು ಮಧ್ಯಾಹ್ನ ಜಯಾ ಮೇಲೆ ಬಂದಳು. ಕೈಯಲ್ಲಿ ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ ಹಾಳೆಗಳು.

"ಮೇಡಂ, ಕನ್ನಡ ಪೇಪರಿಂದು ನಕಲು ತರಿಸೀನ್ರಿ. ಮತ್ತೊಮ್ಮೆ ತಿದ್ದಾಕ ಅರ್ಜಿ ಹಾಕ್ಲೋ ಬ್ಯಾಡೋ, ನೀವ ನೋಡಿ ಹೇಳ್ರಿ. ಒಂದ ಒಂದು ಮಾರ್ಕ್ಸ್ ಕಡಿಮಿ ಆಗೇತಿ."

ನಾನು ಕನ್ನಡಕ ಹುಡುಕಿ ಹಾಕಿಕೊಂಡೆ. ಪುಟ ತಿರುಗಿಸಿದೆ. ಅಕ್ಷರ ದುಂಡಗಿತ್ತು. ಇನ್ನೊಂದು ಪುಟ ತಿರುಗಿಸಿದೆ. ಆಯಿ ನನ್ನನ್ನೇ ನೋಡುತ್ತಿದ್ದಳು.

"ಇಲ್ನೋಡ್ರಿ ಮೇಡಂ, ಇದಕ್ಕ ಮೂರಕ್ಕ ಒಂದ ಕೊಟ್ಟಾರ. ಬಾಜೂಕ ಏನೋ ಬರದಾರ."

ಸುರಭಿ ನನ್ನ ಭುಜದ ಮೇಲಿಂದ ಬಗ್ಗಿದಳು. "ಅಪ್ರಸ್ತುತಾ? ಹಾಗಂದ್ರೆ ಏನಮ್ಮಾ, ಔಟ್ ಆಫ್ ಸಿಲಬಸ್ಸಾ?"

"ಹಂಗಲ್ಲ ಸುರಭಿ, ಇಲ್ಲಿಗೆ ಸಲ್ಲದ್ದು ಅಂತ," ಎಂದಳು ಜಯಾ. ನಂತರ ಬಹಳ ಮೆತ್ತಗೆ, "ಆದ್ರ ಮೇಡಂ, ಆ ಶಬ್ದಾನ ತಪ್ಪೈತಲ್ರಿ? ಸ ಕೆಳಗ ತ ಒತ್ತು ಬರಬೇಕು. ಇವರು ಥ ಒತ್ತು ಕೊಟ್ಟಾರ. ಅಪ್ರಸ್ಥುತ. ನಮ್ಮ ಸಾಲ್ಯಾಗ ಇದಕ್ಕ ಅರ್ಧ ಮಾರ್ಕ್ಸ್ ಕಟ್ ಮಾಡ್ತಿದ್ರು."

"ಸಖತ್!" ಎಂದು ಸುರಭಿ ಮೇಜು ಕುಟ್ಟಿದಳು. "ತಿದ್ದಿದವ್ರಿಗೇ ಮೈನಸ್ ಹಾಫ್! ಅಮ್ಮ, ಯಾರಿವ್ರು? ನಿಮ್ ಕೊಲೀಗ್ ಇರ್ಬೇಕು."

ನಾನೂ ನಕ್ಕೆ. ಬಹಳ ಜೋರಾಗಿ ನಕ್ಕೆ. ಸಭಿಕರೇ, ಎಂ.ಎ.ಯಲ್ಲಿ ಎರಡನೇ ರ‍್ಯಾಂಕ್ ನನಗೆ. ಇಪ್ಪತ್ತೆರಡು ವರ್ಷದಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳಿಗಾಗಿ ನಾನು ಕತ್ತರಿಸಿದ ಅರ್ಧ ಅಂಕಗಳನ್ನೆಲ್ಲ ಕೂಡಿಸಿದರೆ ಒಂದು ಸಣ್ಣ ಊರು ಪಾಸಾಗುತ್ತಿತ್ತು. ಅವರಿಬ್ಬರೂ ಆಚೆ ಹೋದ ಮೇಲೆ ನಿಘಂಟು ತೆಗೆದು ನೋಡಿದೆ. ತ ಒತ್ತೇ. ಎಲ್ಲಿ, ಯಾವಾಗ ನನ್ನ ಕೈಗೆ ಆ ಥ ಅಂಟಿಕೊಂಡಿತೋ, ದೇವರೇ ಬಲ್ಲ.

ಆದರೆ ಆ ಹೊತ್ತಿನಲ್ಲಿ ನಾನು ಹೇಳಿದ್ದೇನು? "ಯಾರೋ ಪಾಪ ಸುಸ್ತಾಗಿದ್ರು ಅನ್ಸುತ್ತೆ. ಹಾಕು ಅರ್ಜಿ" ಎಂದೆ. ಯಾರೋ! ಕನ್ನಡದಲ್ಲಿ ಇದಕ್ಕಿಂತ ಅನುಕೂಲದ ಸರ್ವನಾಮ ಮತ್ತೊಂದಿಲ್ಲ. ಜಯಾ ಹಾಳೆಗಳನ್ನು ಮಡಚುತ್ತಾ ಒಂದು ಗಳಿಗೆ ನನ್ನ ಮುಖ ನೋಡಿ, "ಹೌದ್ರಿ, ಯಾರೋ ಇರಬೇಕು" ಎಂದಳು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮಾವಿನಹಣ್ಣು ಕಳಿಸಿದೆ. ತಪ್ಪು ಮಾಡಿದ ಓದಿದ ಹೆಂಗಸರು ಮೊದಲು ಮಾಡುವ ಕೆಲಸ ಅದು. ಮೊದಲು ಬಾದಾಮಿ ಹಣ್ಣು, ಆಮೇಲೆ ರಸಪುರಿ, ಸೀಸನ್ ಮುಗಿದ ಮೇಲೆ ಕೋಡುಬಳೆ. ಕೆಳಗಿನ ಮನೆಯವರು ನನ್ನ ಒಳ್ಳೆಯತನಕ್ಕೆ ಮನಸೋತಿದ್ದಾರೆಂದು ನಂಬಿದ್ದೆ. ದುಂಡವ್ವ ಅವರು ಎದುರಾದಾಗಲೆಲ್ಲ "ಏನ್ರಿ ಅಕ್ಕೋರ, ಮತ್ತ ಡಬ್ಬಿ ಬಂತಲ್ಲ" ಎನ್ನುತ್ತಿದ್ದರು. ಅವರ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ.

ಜೂನ್ ಬಂತು. ಜಯಾಗೆ ಜಯನಗರದ ಒಂದು ಕಾಲೇಜಿನ ಮೇಲೆ ಆಸೆಯಿತ್ತು. ಒಂದೇ ಬಸ್ಸು, ಒಳ್ಳೆಯ ಲ್ಯಾಬು, ಕನ್ನಡ ಮಾಧ್ಯಮದಿಂದ ಬಂದವರಿಗೆ ಸಂಜೆ ಬೇರೆಯಾಗಿ ಪಾಠ. ಕಟ್ ಆಫ್ ತೊಂಬತ್ತು. ಸಂಗಮೇಶ ಅವರಿಗೆ ರಜೆ ಸಿಗಲಿಲ್ಲ. "ಮೇಡಂ, ನೀವು ಜತಿಗೆ ಹೋಗ್ತೀರೇನ್ರಿ? ನೀವು ಹೇಳಿದ್ರ ಕೇಳ್ತಾರ" ಎಂದರು. ಹೋದೆ. ಎರಡು ಗಂಟೆ ಸಾಲಿನಲ್ಲಿ ನಿಂತೆವು. ಕೌಂಟರಿನಲ್ಲಿದ್ದವರು ಅಂಕಪಟ್ಟಿ ನೋಡಿ ಹಿಂದಕ್ಕೆ ತಳ್ಳಿದರು.

"ಎಂಬತ್ತೊಂಬತ್ತು ಪಾಯಿಂಟ್ ನೈನ್ ಟೂ. ಆಗಲ್ಲಮ್ಮ."

"ತೊಂಬತ್ತೇ ಅಲ್ವಾ ಸಾರ್ ಅದು? ರೌಂಡ್ ಆಫ್ ಮಾಡಿದ್ರೆ..."

"ನಾನ್ ಮಾಡ್ಬಹುದು ಮೇಡಂ, ಸಿಸ್ಟಂ ತಗೊಳ್ಳಲ್ಲ. ಮ್ಯಾಥ್ಸ್ ತೊಂಬತ್ತಾರು, ಸೈನ್ಸ್ ತೊಂಬತ್ನಾಕು. ಹುಡುಗಿ ಕನ್ನಡದಲ್ಲಿ ಬಿಟ್ಟಿದ್ದಾಳೆ ನೋಡಿ. ಈ ಕನ್ನಡದವ್ರು ಮಾರ್ಕ್ಸ್ ಕೊಡೋದೇ ಇಲ್ಲ. ಬೈಯೋದಾದ್ರೆ ಅವರನ್ನ ಬೈರಿ."

"ಬೈತೀನಿ" ಎಂದೆ.

ನಾನೇ ಕತ್ತರಿಸಿದ ಅಂಕಕ್ಕೆ ನಾನೇ ಶಿಫಾರಸಿಗೆ ಹೋಗಿ, ನಾನೇ ಬೈಸಿಕೊಂಡು ಬಂದೆ. ಬಸ್ಸಿನಲ್ಲಿ ಜಯಾ ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟಳು. ಆಗ ಹೇಳಬಹುದಿತ್ತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಂತಿತು. ಸಮಯದ ಕೊರತೆ ಇರಲಿಲ್ಲ. ನಾನು ಮಳೆ ಬರಬಹುದು ಎಂದೆ.

ಮರುಮೌಲ್ಯಮಾಪನದ ಫಲಿತಾಂಶವೂ ಬಂತು. "ಬದಲಾವಣೆ ಇಲ್ಲ." ಎಲ್ಲೋ ಇನ್ನೊಬ್ಬರು ಕೆಂಪು ಪೆನ್ನು ಹಿಡಿದು ಆ ಪುಟದಲ್ಲಿ ವೇದ ಹುಡುಕಿ, ಸಿಗದೆ, ನನ್ನನ್ನು ಎತ್ತಿಹಿಡಿದರು. ನಾನು ಸಂತೋಷಪಡಬೇಕಿತ್ತು, ಅಲ್ಲವೇ? ಇಬ್ಬರು ತಜ್ಞರು ಒಪ್ಪಿದ ಮೇಲೆ ಅದು ತಪ್ಪಲ್ಲ, ತೀರ್ಪು.

ಈಗ ಜಯಾ ಮಡಿವಾಳದ ಆಚೆಯ ಕಾಲೇಜಿಗೆ ಹೋಗುತ್ತಿದ್ದಾಳೆ. ಎರಡು ಬಸ್ಸು. ಕ್ಲಾಸಿನಲ್ಲಿ ತೊಂಬತ್ತು ಮಂದಿ. ಅಂತೂ ತೊಂಬತ್ತು ಸಿಕ್ಕಿತು ಎಂದು ಅವಳೇ ತಮಾಷೆ ಮಾಡುತ್ತಾಳೆ. ಭೌತಶಾಸ್ತ್ರ ಇಂಗ್ಲಿಷಿನಲ್ಲಿ. "ಮೇಡಂ, ನನಗ ವೇಗೋತ್ಕರ್ಷ ಗೊತ್ತೈತಿ, ಅಲ್ಲಿ ಅದನ್ನ ಅಕ್ಸಲರೇಷನ್ ಅಂತಾರ. ಎರಡೂ ಒಂದ ಅಂತ ತಿಳಿಯೋದರಾಗ ಒಂದು ವಾರ ಹೋತ್ರಿ" ಎಂದಳು. ಸಂಜೆ ಅವಳೂ ಸುರಭಿಯೂ ನಮ್ಮ ಮೆಟ್ಟಿಲಿನ ಮೇಲೆ ಕೂತು ಓದುತ್ತಾರೆ. ಇವಳು ಇಂಗ್ಲಿಷ್ ಹೇಳಿಕೊಡುತ್ತಾಳೆ, ಅವಳು ಭೌತಶಾಸ್ತ್ರ. ಯಾಕೆಂದರೆ ಆರುನೂರ ಹತ್ತೊಂಬತ್ತರ ನನ್ನ ಮಗಳು ಪಿ.ಯು. ಮೊದಲ ಟೆಸ್ಟಿನಲ್ಲಿ ಭೌತಶಾಸ್ತ್ರಕ್ಕೆ ನಲವತ್ತಕ್ಕೆ ಹನ್ನೊಂದು ತೆಗೆದಿದ್ದಾಳೆ. ಸುರಭಿ, ಕೈ ಸನ್ನೆ ಮಾಡಬೇಡ. ಹೇಳಿಯಾಯಿತು. ಈ ಇಪ್ಪತ್ತೆರಡು ಮಂದಿಯಲ್ಲಿ ಇನ್ನೆಷ್ಟು ಹನ್ನೊಂದುಗಳು ಬ್ಯಾಗಿನ ತಳದಲ್ಲಿ ಮಡಚಿಕೊಂಡು ಕೂತಿವೆ ಎಂದು ನನಗೆ ಗೊತ್ತು, ತಾಯಂದಿರಿಗೆ ಇನ್ನೂ ಗೊತ್ತಿಲ್ಲ. ಮಕ್ಕಳೇ, ಇವತ್ತು ಊಟ ಆದ ಮೇಲೆ ತೋರಿಸಿಬಿಡಿ. ಹೊಟ್ಟೆ ತುಂಬಿದಾಗ ಬೈಗುಳ ಕಡಿಮೆ.

ಕಳೆದ ವಾರ ಸೋಮನಾಥ್ ಅವರು ಭಾಷಣಕ್ಕೆ ಕರೆಯಲು ಬಂದಾಗ ನಾನು ಕೇಳಿದೆ, "ಎಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಎರಡು ಇರೋ ಒಂದು ಹುಡುಗಿ ಇದ್ದಾಳೆ, ಸೇರಿಸ್ಕೊಳ್ಳೋಕಾಗುತ್ತಾ?"

"ಮೇಡಂ, ರೂಲ್ ಈಸ್ ರೂಲ್. ಇವತ್ತು ಪಾಯಿಂಟ್ ನೈನ್ ಟೂ ಬಿಟ್ರೆ ನಾಳೆ ಪಾಯಿಂಟ್ ಫೈವ್ ಬಂದು ನಿಲ್ತಾರೆ. ಆ ಹುಡುಗಿ ಚೆನ್ನಾಗ್ ಹಾಡ್ತಾಳಂತಲ್ಲ? ಪ್ರೇಯರ್ ಕೊಡೋಣ ಬಿಡಿ."

ಸೋಮನಾಥ್ ಅವರೇ, ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮ ಕೀ ಆನ್ಸರ್‌ನಲ್ಲಿ ತೊಂಬತ್ತು ಇತ್ತು, ನನ್ನ ಕೀ ಆನ್ಸರ್‌ನಲ್ಲಿ ವೇದ ಇತ್ತು. ನಾವಿಬ್ಬರೂ ಅದನ್ನು ಮೀರುವವರಲ್ಲ. ಜಯಾಗೆ ಈಗ ಫಲಕ ಕೊಡಿ ಎಂದೂ ನಾನು ಕೇಳುತ್ತಿಲ್ಲ. ಕೇಳಬೇಡಿ ಎಂದು ಅವಳೇ ಹೇಳಿದ್ದಾಳೆ, "ನಮ್ಮ ಮನ್ಯಾಗ ಕಪಾಟಿಲ್ರಿ, ಎಲ್ಲಿ ಇಡೂದು" ಎಂದು.

ನಾನು ಕೇಳುತ್ತಿರುವುದು ನನ್ನ ಹೆಸರನ್ನು ಬರೆದುಕೊಳ್ಳಿ ಎಂದು. ಆ "ಯಾರೋ" ನಾನು. ಸರ್ವಮಂಗಳಾ, ಎಂ.ಎ. ಪತ್ರಿಕೆ ತಿದ್ದಿದವಳು ನಾನು, ನಗುವಷ್ಟು ನಕ್ಕು ಒಂದು ಅಂಕ ಕೊಟ್ಟವಳು ನಾನು, ಥ ಒತ್ತು ಕೊಟ್ಟವಳೂ ನಾನು. ಇದನ್ನೆಲ್ಲ ಇಲ್ಲಿಗೆ ಬರುವ ಮುನ್ನ ಅವಸರದಲ್ಲಿ ಬರೆದ ಪತ್ರ ನನ್ನ ಬ್ಯಾಗಿನಲ್ಲಿದೆ, ನಾಳೆ ಬೆಳಿಗ್ಗೆ ಮಂಡಳಿಗೆ ಕೊಡುತ್ತೇನೆ. ಅದರಿಂದ ಜಯಾಗೆ ಏನೂ ಸಿಗದಿರಬಹುದು. ಕಾಲೇಜಿನ ಪಟ್ಟಿ ಮುಚ್ಚಿದೆ. ನನಗೆ ಸಿಗಬಹುದು. ಮುಂದಿನ ಏಪ್ರಿಲ್‌ನಿಂದ ನನ್ನನ್ನು ಮೌಲ್ಯಮಾಪನಕ್ಕೆ ಕರೆಯದೆ ಇರಬಹುದು. ಮಕ್ಕಳೇ, ಈಗ ಚಪ್ಪಾಳೆ ತಟ್ಟಬಹುದು.

ಇಷ್ಟು ಜೋರಾಗಿ ಬೇಕಿರಲಿಲ್ಲ.

ಗಡಿಯಾರ ಬೋರಲು ಹಾಕಿದ್ದನ್ನು ಸಹಿಸಿದ ಕಾರ್ಯದರ್ಶಿಗಳಿಗೆ, ಮೂರನ್ನು ಸಹಿಸಿದ ಅಧ್ಯಕ್ಷರಿಗೆ, ಬಾವಿಯನ್ನು ಸಹಿಸಿದ ಮುಖ್ಯ ಅತಿಥಿಗಳಿಗೆ, ಗಾದೆಯನ್ನು ತಿರುಗಿಸಿ ನನ್ನ ಭಾಷಣಕ್ಕೆ ದಾರಿ ಮಾಡಿಕೊಟ್ಟ ಫ್ಲೆಕ್ಸ್ ಅಂಗಡಿಯವರಿಗೆ, ಮನೆಗೆ ಹೋದ ಮೇಲೆ ನನ್ನೊಂದಿಗೆ ಮಾತು ಬಿಡಲಿರುವ ಮಗಳಿಗೆ, ನಿಮ್ಮೆಲ್ಲರಿಗೆ ನನ್ನ ವಂದನೆಗಳು. ಬಾಗಿಲಿನ ಮಾತೊಂದು ಬಾಕಿಯಿದೆ, ಹೇಳಿ ಇಳಿಯುತ್ತೇನೆ.

ಇವತ್ತು ಸಂಜೆ ಐದಕ್ಕೆ ನಾನು ಇಲ್ಲಿಗೆ ಹೊರಟು ಬಾಗಿಲು ತೆಗೆದರೆ ಎದುರಿಗೆ ದುಂಡವ್ವ. ಕೋಡುಬಳೆಯ ಡಬ್ಬಿ ಹಿಂದಿರುಗಿಸಲು ಬಂದಿದ್ದರು. ಡಬ್ಬಿ ಖಾಲಿ ಕೊಡಬಾರದೆಂದು ತುಂಬ ಶೇಂಗಾ ಚಟ್ನಿಪುಡಿ. ಅದನ್ನು ಕೈಗೆ ತೆಗೆದುಕೊಂಡಾಗ ಇನ್ನೂ ಬೆಚ್ಚಗಿತ್ತು. ನನ್ನ ಕೈಯಲ್ಲಿ "ಪರೀಕ್ಷಾ ಭಯ ನಿವಾರಣೆ" ಎಂದು ಬರೆದ ಹಾಳೆ, ನಾಲ್ಕು ಪುಟ. ಎಲ್ಲ ಒಳ್ಳೆಯ ಮಾತುಗಳು, ಆಮೇಲೆ ಬೇಕಾದವರು ಓದಬಹುದು. ನನ್ನ ಬಾಯಿ ತಾನಾಗಿ ತೆರೆಯಿತು.

"ದುಂಡವ್ವ, ಜಯಾ ಪೇಪರ್ ತಿದ್ದಿದ್ದು ನಾನೇ. ಆ ಅಂಕ ಕತ್ತರಿಸಿದ್ದು ನಾನೇ."

"ಗೊತ್ತೈತ್ರಿ" ಎಂದರು.

"ಗೊತ್ತಾ? ಯಾವಾಗಿಂದ?"

"ಮೊದಲಿನ ದಿನದಿಂದ. ಆ ನಕಲು ಬಂತಲ್ರಿ, ಅವತ್ತ ಜಯಾ ಹಾಳಿ ಹಿಡಕೊಂಡು ಮೆಟ್ಟಲದ ಕಡಿ ಓಡಿದ್ಲು. ಅಲ್ಲಿ ನಿಮ್ಮ ಚೀಟಿ ಐತಲ್ಲ."

ನಾನು ಬಗ್ಗಿ ಕೆಳಗೆ ನೋಡಿದೆ. ಮೋಟಾರಿನ ಸ್ವಿಚ್ಚಿನ ಪಕ್ಕ, ರಿಪೇರಿಯಾದ ಮೇಲೂ ಕೀಳದೆ ಬಿಟ್ಟು ಮೂರು ತಿಂಗಳಿಂದ, ನನ್ನದೇ ಅಕ್ಷರದಲ್ಲಿ: "ಪ್ರಸ್ಥುತ ಮೋಟಾರು ಕೆಟ್ಟಿದೆ." ಥ ಒತ್ತು ಬಾಲ ಎತ್ತಿ ನಿಂತಿತ್ತು.

"ಗೊತ್ತಿದ್ದೂ ಮೇಲೆ ಬಂದು ನನಗೇ ತೋರಿಸಿದಳಾ? ಕಾಲೇಜಿಗೆ ನನ್ನನ್ನೇ ಕರ್ಕೊಂಡು ಹೋದಳಾ?"

"ಹೂಂ. ನೀವ ಹೇಳ್ತೀರೇನಂತ ನೋಡಾಕತ್ತಿದ್ವಿ. ಹುಡುಗರಿಗಷ್ಟ ಪರೀಕ್ಷಿ ಇರಬೇಕೇನ್ರಿ ಅಕ್ಕೋರ?"

ನನಗೆ ಕಣ್ಣು ತುಂಬಿ ಬಂತು. ಆದರೂ ಅಭ್ಯಾಸಬಲ ನೋಡಿ, ನಾನು ಕೇಳಿದೆ, "ಎಷ್ಟು ಕೊಡ್ತೀರಿ ನನಗೆ?"

ದುಂಡವ್ವ ನನ್ನ ಕೈಯಲ್ಲಿದ್ದ ನಾಲ್ಕು ಪುಟ ನೋಡಿದರು, ನನ್ನ ರೇಷ್ಮೆ ಸೀರೆ ನೋಡಿದರು. "ಭಾಳ ತಡಾ ಮಾಡೀರಿ" ಎಂದರು. "ಮನಿ ಬಾಗಲದಾಗ ಹೇಳಿದ್ದಕ್ಕ ಒಕ್ಕಾಲು. ಅಲ್ಲಿ ಮೈಕಿನ ಮುಂದ ಹೇಳಿ, ನಮಸ್ಕಾರ ಅಂದು ಕೆಳಗ ಇಳೀರಿ, ಉಳಿದ ಮುಕ್ಕಾಲು ಆಮ್ಯಾಲ ನೋಡೂಣು."

ನಮಸ್ಕಾರ.